ಕೀಲಿ ಹೊರಗ, ಚಾವಿ ಉಡದಾರದಾಗ

ಜಯಶ್ರೀಯ ಬಗ್ಗೆ ಬರೆಯಲು ನನಗಿರುವ ಅರ್ಹತೆ ಒಂದೇ. ಅವಳ ಕೆಲಸದಲ್ಲಿ ಆದ ಅತಿ ದೊಡ್ಡ ಎಡವಟ್ಟಿಗೆ ನಾನೇ ಕಾರಣ. ನನ್ನ ಹೆಸರು ಶಿವಕಾಂತ, ಮೂವತ್ತೊಂದು ವರ್ಷ ಕನ್ನಡ ಮಾಸ್ತರನಾಗಿದ್ದವನು. ನಿವೃತ್ತಿಯಾದ ಮೇಲೆ ಮಸ್ಕಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಅವಳ ಆನ್‌ಲೈನ್ ಅಂಗಡಿಯಲ್ಲಿ, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ದಿನಾ ಹತ್ತರಿಂದ ಒಂದರ ತನಕ ಕೂರುತ್ತೇನೆ. ಪುಕ್ಕಟೆ ಪೇಪರ್ ಓದುತ್ತೇನೆ, ಪುಕ್ಕಟೆ ಸಲಹೆ ಕೊಡುತ್ತೇನೆ. ಪೇಪರ್ ಓದಿದ್ದರಿಂದ ಈವರೆಗೆ ಯಾರಿಗೂ ತೊಂದರೆಯಾಗಿಲ್ಲ.

ಜಯಶ್ರೀ ಲಿಂಗಸುಗೂರಿನ ಹುಡುಗಿ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಬಳಗಾನೂರಿನ ವೆಂಕೋಬನನ್ನು ಮದುವೆಯಾಗಿ ಬಂದಳು. ಸಿಂಧನೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಆರು ವರ್ಷ ಲಗ್ನಪತ್ರಿಕೆ ಕೂಡಿಸಿದಳು. ಆಮೇಲೆ ಮಸ್ಕಿಯಲ್ಲಿ ತನ್ನದೇ ಅಂಗಡಿ ಹಾಕಿದಳು. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಎಲ್ಲ ಅಲ್ಲೇ. ಈಗ ನಲವತ್ತೊಂದು ವಯಸ್ಸು. ಯಾವ ಯಂತ್ರ ಕಂಡರೂ "ಇದು ಹೆಂಗ ನಡಿತೈತಿ ನೋಡೂನು" ಎಂದು ಬಿಚ್ಚಿ ಕೂರುವುದು ಅವಳ ಸ್ವಭಾವ. ಮೊದಲು ನಗುತ್ತಾಳೆ, ಆಮೇಲೆ ಮಾತಾಡುತ್ತಾಳೆ. ಇಂಥವರ ಜೊತೆ ಜಗಳ ಆಡುವುದು ಬಹಳ ಕಷ್ಟ, ನಾನು ಪ್ರಯತ್ನಿಸಿ ನೋಡಿದ್ದೇನೆ.

ಗಂಡ ವೆಂಕೋಬ ಕಾಲುವೆಯ ಮೇಲೆ ಗ್ಯಾಂಗ್‌ಮನ್. ಗೇಟು ಎತ್ತುವುದು, ಇಳಿಸುವುದು, ನೀರಿನ ಅಳತೆ ನೋಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ. ಭತ್ತದ ನಾಟಿ ಶುರುವಾದರೆ ಅವನ ಫೋನಿಗೆ ಬಿಡುವಿಲ್ಲ. ರೊಟ್ಟಿ ಮುರಿಯುವಷ್ಟರಲ್ಲಿ ಒಬ್ಬ, ಪಲ್ಯ ಹಚ್ಚುವಷ್ಟರಲ್ಲಿ ಇನ್ನೊಬ್ಬ. "ವೆಂಕೋಬಾ, ನೀರು ಬಂದಾವೇನೋ?" ಬಂದಿದ್ದರೆ "ಬಂದಾವ", ಇಲ್ಲದಿದ್ದರೆ "ಬಂದಿಲ್ಲ". ಎರಡಡಿ ಇದ್ದರೆ ಎರಡಡಿ ಅನ್ನುವವನೇ ಹೊರತು ಎರಡೂಕಾಲು ಎಂದವನಲ್ಲ. ಬಳಗಾನೂರಿನ ಯಮನೂರಮ್ಮ ಇಪ್ಪತ್ತು ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಸಸಿ ಹಚ್ಚಲು ಹೋಗುವವಳು. ಅವಳ ಟಂಟಂ ಗಾಡಿ ಹೊರಡುತ್ತಿದ್ದದ್ದೇ ವೆಂಕೋಬನ ಮಾತಿನ ಮೇಲೆ.

ಗಂಡನ ಊಟ ಆರುವುದನ್ನು ನೋಡಿ ನೋಡಿ ಜಯಶ್ರೀಗೆ ಒಂದು ವಿಚಾರ ಹೊಳೆಯಿತು. ಬೆಂಗಳೂರಿನಲ್ಲಿ ಒಂದು ಕಂಪನಿ ಇದೆ. ನಾವು ಒಂದು ವಾಕ್ಯ ಬರೆದು ಕಳಿಸಿದರೆ ಅವರ ಯಂತ್ರ ನಾವು ಕೊಟ್ಟ ನಂಬರುಗಳಿಗೆಲ್ಲ ಫೋನ್ ಹಚ್ಚಿ, ಹೆಣ್ಣು ದನಿಯಲ್ಲಿ ಅದನ್ನು ಓದಿ ಹೇಳುತ್ತದೆ. ನಮ್ಮ ಪಟ್ಟಿಯಲ್ಲಿ ಆರುನೂರಾ ನಲವತ್ತು ಜನ. ದಿನಕ್ಕೆ ಎರಡು ಸಾವಿರ ಕರೆ, ಅದರ ಮೇಲೆ ಒಂದೂ ಇಲ್ಲ. ಕಳಿಸಿದವರು ನಾವೇ ಎಂದು ಆ ಯಂತ್ರಕ್ಕೆ ತಿಳಿಯುವುದು ಕಂಪನಿ ಕೊಟ್ಟ ಒಂದು ಉದ್ದನೆಯ ಗುಪ್ತ ಸಂಖ್ಯೆಯಿಂದ. ಅದನ್ನು ವೆಂಕೋಬನ ಫೋನಿನಲ್ಲೇ ಇಟ್ಟರೆ ಫೋನು ಕಾಲುವೆಗೆ ಬಿದ್ದ ದಿನ, ಇಲ್ಲವೇ ಯಾರದೋ ಕೈಗೆ ಸಿಕ್ಕ ದಿನ, ಗುಟ್ಟು ರಟ್ಟು. ಹಾಗಾಗಿ ಜಯಶ್ರೀ ನಡುವೆ ಒಂದು ಬಾಡಿಗೆ ಸರ್ವರ್ ಇಟ್ಟು, ಸಂಖ್ಯೆಯನ್ನು ಅದರೊಳಗೆ ಬಚ್ಚಿಟ್ಟಳು. ಇಂಥ ನಡುವಿನವನಿಗೆ ಪ್ರಾಕ್ಸಿ ಎನ್ನುತ್ತಾರಂತೆ.

"ಡಾಕ್ಟರ್ ಕಡೆ ಸೀದಾ ಯಾರೂ ಹೋಗಂಗಿಲ್ರಿ ಸರ" ಎಂದು ನನಗೆ ಬಿಡಿಸಿ ಹೇಳಿದಳು. "ಮೊದಲ ಕಂಪೌಂಡರ್ ಕಡೆ ಹೋಗಬೇಕು. ಅವ ಚೀಟಿಗೆ ಸಿಕ್ಕಾ ಹೊಡದು ಒಳಗ ಕಳಸ್ತಾನ. ಇದೂ ಹಂಗ."

ಅಂದಿನಿಂದ ಅಂಗಡಿಯಲ್ಲಿ ಆ ಸರ್ವರಿಗೆ ಕಂಪೌಂಡರ್ ಎಂದೇ ಹೆಸರು ಬಿತ್ತು.

ಕಂಪೌಂಡರನನ್ನು ಎಬ್ಬಿಸಲು ಮೂರು ವಾರ ಹಿಡಿಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡುತ್ತಾ, ಟಿಪ್ಪಣಿ ಬರೆದುಕೊಳ್ಳುತ್ತಾ ಕೂತಳು. ಒಂದು ದಿನ ಪೂರ್ತಿ ಅದು ಏಳಲೇ ಇಲ್ಲ. ಕೊನೆಗೆ ನೋಡಿದರೆ ಒಂದು ಸಾಲಿನ ತುದಿಯಲ್ಲಿ ಅರ್ಧವಿರಾಮ ಬಿಟ್ಟುಹೋಗಿತ್ತು. ವಿರಾಮಚಿಹ್ನೆಗೆ ಇಷ್ಟು ಮರ್ಯಾದೆ ಕೊಡುವ ಯಂತ್ರವನ್ನು ನಾನು ಅಂದೇ ಮೆಚ್ಚಿಕೊಂಡೆ. ಮೆಚ್ಚಿ ಸುಮ್ಮನಿರಬೇಕಿತ್ತು, ಇರಲಿಲ್ಲ.

"ಇಂಗ್ಲಿಷಿನ್ಯಾಗ ಯಾಕ ಒದ್ದಾಡ್ತಿ? ಇದನ್ನ ಭದ್ರ ಮಾಡೂದು ಹೆಂಗ, ಕನ್ನಡದಾಗ ಉತ್ರ ಕೊಡ್ರಿ ಅಂತ ಆ ಕಂಪನಿಗೆ ಬರಿ" ಎಂದೆ. ಬರೆದಳು. ಕಂಪನಿಯವರೂ ಒಳ್ಳೆಯವರು, ಮರುದಿನವೇ ಉತ್ತರ ಬಂತು. ನಾನೇ ಎದ್ದು ನಿಂತು ಓದಿದೆ: "ನಿಮ್ಮ ಕೀಲಿಯನ್ನು ಹೊರಗೆ ಹಾಕಬೇಡಿ. ಅದು ಸರ್ವರಿನ ಒಳಗೆ ಮಾತ್ರ ಇರಲಿ."

ಈಗ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಕೀಲಿ ಅಂದರೆ ಬೀಗ. ಅದನ್ನು ತೆಗೆಯುವುದು ಕೀಲಿಕೈ, ಇಲ್ಲವೇ ಚಾವಿ. 'ಹೊರಗ ಕೀಲಿ ಹಾಕು' ಅಂದರೆ ಬಾಗಿಲಿಗೆ ಬೀಗ ಹಾಕು ಎಂದು ಕೂಸಿಗೂ ಗೊತ್ತು. ಜಯಶ್ರೀ ಮಾತ್ರ ತುಸು ಅನುಮಾನ ಪಟ್ಟಳು.

"ಸರ, ಅವರು ಕೀಲಿ ಅಂತ ಚಾವಿಗೆ ಅಂದಿರಬಹುದೇನ್ರಿ?"

"ಕೀಲಿ ಅಂದ್ರ ಕೀಲಿ, ಚಾವಿ ಅಂದ್ರ ಚಾವಿ. ಕನ್ನಡ ಕಲಿಸಿದಾವ ನಾನೋ ನೀನೋ?" ಎಂದೆ.

ಅವಳು ಬರೆದಿದ್ದ ಕಡತದಲ್ಲಿ, ಹೊರಬಾಗಿಲಿಗೆ ಬಂದವರನ್ನು 'ಯಾರು ನೀನು, ನಿನ್ನ ಗುಟ್ಟಿನ ಪದವೇನು' ಎಂದು ಕೇಳುವ ನಾಲ್ಕು ಸಾಲು ಇದ್ದವು. ಅದೇ ಹೊರಗಿನ ಕೀಲಿ. ನನ್ನ ಮಾತು ಕೇಳಿ ಆ ನಾಲ್ಕೂ ಸಾಲನ್ನು ಅಳಿಸಿದಳು. ಕಂಪನಿಯ ಗುಪ್ತ ಸಂಖ್ಯೆ ಒಳಗೆ ಭದ್ರವಾಗಿಯೇ ಇತ್ತು. ಆದರೆ ಕಂಪೌಂಡರ್ ಈಗ ಬಾಗಿಲಿಗೆ ಬಂದ ಯಾರ ಚೀಟಿಗಾದರೂ ಸಿಕ್ಕಾ ಹೊಡೆದು ಒಳಗೆ ಕಳಿಸುವ ಧಾರಾಳಿಯಾಗಿದ್ದ.

ಇದು ಸಾಲದೆಂದು ವೆಂಕೋಬನ ವಾಕ್ಯವನ್ನೂ ತಿದ್ದಿದೆ. ಅವನು ಬರೆದದ್ದು 'ನೀರು ಬಂದಾವ' ಎಂದು. ಬರಹದಲ್ಲಿ ಇದೆಂಥ ಭಾಷೆ ಎಂದು ರೇಗಿ, 'ಬಳಗಾನೂರು ಉಪಕಾಲುವೆಗೆ ನೀರು ಬಿಡಲಾಗಿದೆ' ಎಂದು ಮಾಡಿಸಿದೆ. ಯಂತ್ರ ಅದನ್ನು ಆಕಾಶವಾಣಿಯ ಹಾಗೆ ಓದಿತು. ನನಗೆ ಹೆಮ್ಮೆಯಾಯಿತು.

ಮೊದಲ ಪಾಳಿಯ ನೀರಿನ ಸುದ್ದಿ ಸುರಳೀತ ಹೋಯಿತು. ವೆಂಕೋಬ ಮೊದಲ ಸಲ ಬಿಸಿ ರೊಟ್ಟಿ ತಿಂದ. ಅಂಗಡಿಗೆ ಬಂದು ನನಗೂ ಚಹಾ ಹೇಳಿದ.

ಆಗಸ್ಟ್ ತಿಂಗಳ ಒಂದು ಸೋಮವಾರ ಲಿಂಗಸುಗೂರಿನ ಬುಡ್ಡೇಸಾಬ್ ಯಾವುದೋ ಪಹಣಿಗೆಂದು ಅಂಗಡಿಗೆ ಬಂದ. ಟಗರು ಸಾಕುವ ಮನುಷ್ಯ. ಕಂಪ್ಯೂಟರಿನ ಮೇಲೆ, ಸುದ್ದಿ ಬರೆದು ಕಳಿಸುವ ಕಂಪೌಂಡರನ ಪುಟ ತೆರೆದಿತ್ತು. ದೊಡ್ಡದೊಂದು ಚೌಕ, ಕೆಳಗೆ 'ಕಳಿಸು' ಎಂಬ ಗುಂಡಿ, ಮೇಲೆ ವಿಳಾಸ. ಅವನಿಗೂ ಜಯಶ್ರೀಯ ಚಾಳಿಯೇ, ಹೆಂಗ ನಡಿತೈತಿ ನೋಡುವ ಚಾಳಿ. ಮಂಗಳವಾರ ಬೆಳಕು ಹರಿಯುವಾಗ ಮನೆಯಲ್ಲಿ ಕೂತು ಬರೆದುಕೊಂಡು ಹೋಗಿದ್ದ ಆ ವಿಳಾಸವನ್ನು ತನ್ನ ಫೋನಿನಲ್ಲಿ ಒತ್ತಿದ. ಚೌಕದಲ್ಲಿ ಹಿಂದಿನ ಪಾಳಿಯ ವಾಕ್ಯ ಹಾಗೇ ಕೂತಿತ್ತು. ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂದು ಗುಂಡಿ ಒತ್ತಿದ. ಆರುನೂರಾ ನಲವತ್ತು ಫೋನುಗಳು ಹೊಡೆದುಕೊಂಡವು. ನೀರು ಬಿಡಲಾಗಿದೆ!

ಯಮನೂರಮ್ಮ ಇಪ್ಪತ್ತು ಜನರನ್ನು ಎಬ್ಬಿಸಿ, ಬುತ್ತಿ ಕಟ್ಟಿಸಿ, ಟಂಟಂ ಹತ್ತಿಸಿಕೊಂಡು ಗದ್ದೆಗೆ ಹೋದಳು. ಗದ್ದೆ ಒಣಗಿತ್ತು. ಬದುವಿನ ಮೇಲೆ ನಿಂತು ಕಾಲುವೆಯ ಕಡೆ ನೋಡುತ್ತಿರುವಾಗ ಮತ್ತೆ ಫೋನ್ ಬಂತು. ಅದೇ ಹೆಣ್ಣು ದನಿ, ಅದೇ ಗಾಂಭೀರ್ಯ: "ಲಿಂಗಸುಗೂರಿನಲ್ಲಿ ಬುಡ್ಡೇಸಾಬ್ ಅವರ ಎರಡು ಹಲ್ಲಿನ ಟಗರು ಮಾರಾಟಕ್ಕಿದೆ." ಕೊನೆಗೆ ಅವನದೇ ನಂಬರು.

ಹತ್ತು ಗಂಟೆಗೆ ನಾನು ಪೇಪರ್ ಬಿಚ್ಚುತ್ತಿದ್ದಾಗ ಟಂಟಂ ಅಂಗಡಿಯ ಮುಂದೆ ನಿಂತಿತು. ಇಪ್ಪತ್ತೊಂದು ಹೆಣ್ಣುಮಕ್ಕಳು ಇಳಿದರು.

"ಏ ಜಯಮ್ಮಾ, ನಿನ್ನ ಗಂಡ ಯಾವಾಗಿಂದ ಟಗರು ಮಾರಾಕತ್ತಾನ?" ಎಂದು ಯಮನೂರಮ್ಮ ಶುರು ಮಾಡಿದಳು. "ಗದ್ಯಾಗ ಹನಿ ನೀರಿಲ್ಲ, ಒಂದು ಕಪ್ಪಿ ಸುದ್ದಾ ಇಲ್ಲ! ವೆಂಕೋಬಣ್ಣ ಹೇಳ್ಯಾನಂದ್ರ ನಾ ಕಣ್ಣು ಮುಚ್ಚಿ ಗಾಡಿ ಹತ್ತತಿದ್ದೆ. ಇನ್ನ ಯಾರ ಮಾತು ನಂಬಲಿ?"

ಜಯಶ್ರೀ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ಅಂದೇ ಮೊದಲ ಸಲ ಕಂಡೆ. "ತಪ್ಪು ನಂದರಿ ಅಕ್ಕ. ಬಾಗಲಕ್ಕ ಕೀಲಿ ಹಾಕಿದ್ದಿಲ್ಲ" ಎಂದಳು. ಕೀಲಿ ತೆಗೆಸಿದ ಮಹಾನುಭಾವ ಎರಡು ಮೊಳ ದೂರದಲ್ಲಿ ಪೇಪರ್ ಅಗಲಿಸಿ ಅದರ ಹಿಂದೆ ಕೂತಿದ್ದ. ಒಂದೇ ಸಿಮೆಂಟಿನ ಜಾಹೀರಾತನ್ನು ಏಳು ಸಲ ಓದಿದೆ. ನಾಚಿಕೆಯಾಗಲಿಲ್ಲವೇ ಅಂದರೆ, ಆಯಿತು. ಬಾಯಿ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಬುಡ್ಡೇಸಾಬ್ ಈ ವಿಳಾಸವನ್ನು ದಢೇಸುಗೂರಿನ ಗೆಳೆಯ ಉಸ್ಮಾನ್‌ಸಾಬನಿಗೆ ಕಳಿಸಿದ್ದ. ಉಸ್ಮಾನ್‌ಸಾಬ್ ಬಳಗಾನೂರಿನ ಬೀಗರಿಗೆ ಕೊಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡು ಹೋಗಿತ್ತು. ಮೂರನೆಯ ಸುದ್ದಿ ಎಮ್ಮೆಯದು. ಅರ್ಧ ಗಂಟೆಯಲ್ಲಿ ಎಮ್ಮೆ ಸಿಕ್ಕಿತು! ಮೂರು ಹಳ್ಳಿಯ ಜನ ಕೂಡಿ ಹಿಡಿದು ತಂದರಂತೆ. ನೀರಿಗೆ ಬಾರದ ಕಂಪೌಂಡರ್ ಎಮ್ಮೆಗೆ ಬಂದ.

ಮಧ್ಯಾಹ್ನ ಹನ್ನೆರಡಕ್ಕೆ ಖರೇ ನೀರು ಬಂತು, ಉಪಕಾಲುವೆಯ ಮೇಲ್ಭಾಗದ ಹಳ್ಳಿಗಳಿಗೆ. ವೆಂಕೋಬ ಸುದ್ದಿ ಕಳಿಸಿದ. ಅಷ್ಟರಲ್ಲಿ ಮೂರು ಸುದ್ದಿಗೆ ಸಾವಿರದ ಒಂಬೈನೂರಾ ಇಪ್ಪತ್ತು ಕರೆ ಮುಗಿದಿದ್ದವು. ಎಂಬತ್ತು ಜನರಿಗೆ ಮುಟ್ಟಿ, 'ಇಂದಿನ ಮಿತಿ ಮುಗಿದಿದೆ' ಎಂದು ನಿಂತುಬಿಟ್ಟಿತು. ಆ ಎಂಬತ್ತು ಜನರೂ ನಂಬಲಿಲ್ಲ. ಸುಳ್ಳು ಊರೆಲ್ಲ ತಿರುಗಿತು, ನಿಜ ಬಾಗಿಲಲ್ಲೇ ಕೂತಿತು. ವೆಂಕೋಬ ಬೈಕ್ ಏರಿ ಊರೂರಿಗೆ ಹೋಗಿ ಕೂಗಿ ಹೇಳಬೇಕಾಯಿತು.

ಸಂಜೆ ಆರಕ್ಕೆ ಅಂಗಡಿಗೆ ಬಂದ. ಗಂಟಲು ಬಿದ್ದಿತ್ತು, ಮೈತುಂಬ ಧೂಳು. ಅವನ ಮುಖ ನೋಡಲೆಂದೇ, ಅಂದರೆ ನೋಡಲಾರದೆ, ನಾನೂ ಕೂತಿದ್ದೆ.

"ನೀರಿನ ಸುದ್ದಿ ಸುಳ್ಳಾದ್ರ ನನ್ನ ಕಡೆ ಏನ್ ಉಳೀತು, ಜಯಾ?" ಎಂದ ಮೆಲ್ಲಗೆ. "ನನಗ ಹೊಲ ಇಲ್ಲ, ಹುದ್ದೆ ಇಲ್ಲ. ಇರೋದು ಒಂದು ಮಾತು. ಬರೋ ಸೋಮವಾರ ಬಳಗಾನೂರ ಕಡೀ ಗದ್ದಿಗೆ ಪಾಳಿ ಐತಿ. ಅವತ್ತು ಯಮನೂರಮ್ಮ ನನ್ನ ಮಾತಿಗೆ ಗಾಡಿ ಹತ್ತಲಿಲ್ಲಂದ್ರ ನಿನ್ನ ಕಂಪೌಂಡರ್‌ಗೆ ರಜಾ ಕೊಟ್ಟುಬಿಡು."

ಬುಡ್ಡೇಸಾಬ್ ಒಳಗೆ ಬಂದ ದಾರಿಯನ್ನು ಜಯಶ್ರೀ ಸರ್ವರಿನ ದಾಖಲೆಯಲ್ಲಿ ತೋರಿಸಿದಳು. ಬಂದವರ ಹೊತ್ತು, ಗುರುತು ಎಲ್ಲ ಅಲ್ಲಿ ಸಾಲಾಗಿ ಇದ್ದವು. ವೆಂಕೋಬ ತಲೆ ಕೆರೆದುಕೊಂಡ.

"ಕಾಲುವಿ ಗೇಟಿನ ಚಕ್ರಕ್ಕ ಸರಪಳಿ ಸುತ್ತಿ ಕೀಲಿ ಹಾಕ್ತೀನಲ್ಲ, ಅದು ಎಲ್ಲಾರಿಗೂ ಕಾಣಂಗ ಹೊರಗ ಇರ್ತೈತಿ. ಚಾವಿ ಮಾತ್ರ ನನ್ನ ಉಡದಾರದಾಗ" ಎಂದು ಅಂಗಿ ಎತ್ತಿ ಸೊಂಟದ ದಾರಕ್ಕೆ ಕಟ್ಟಿದ್ದ ಚಾವಿ ತೋರಿಸಿದ. "ಕೀಲಿ ಹೊರಗ, ಚಾವಿ ಉಡದಾರದಾಗ. ಇಷ್ಟ ನೋಡು. ಕೀಲಿ ಒಳಗ ಇಡು ಅಂತ ಯಾವ ಶ್ಯಾಣ್ಯಾ ಹೇಳಿದ್ನ ನಿನಗ?"

ಆ ಚಾವಿ ಅಲ್ಲಾಡುವುದನ್ನು ನೋಡುತ್ತಿದ್ದಂತೆ ನನಗೆ ಕಂಪನಿಯ ವಾಕ್ಯ ಇದ್ದಕ್ಕಿದ್ದಂತೆ ಅರ್ಥವಾಯಿತು. ಅವರು ಕೀಲಿ ಎಂದದ್ದು ಚಾವಿಗೆ. ಆ ಗುಪ್ತ ಸಂಖ್ಯೆಯೇ ಅವರ ಚಾವಿ. ಅದನ್ನು ಹೊರಗೆ ತೋರಿಸಬೇಡಿ ಎಂದಿದ್ದರು, ಪಾಪ. ಬಾಗಿಲಿನ ಬೀಗ ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ.

"ಆ ಶ್ಯಾಣ್ಯಾ ನಾನಪ್ಪ, ವೆಂಕೋಬಾ" ಎಂದೆ. ಬೆಳಿಗ್ಗೆ ಬಾರದ ಬಾಯಿ ಸಂಜೆಗೆ ಬಂತು.

ಜಯಶ್ರೀ ಅಂದಿನ ಮೊದಲ ನಗು ನಕ್ಕಳು. "ತಪ್ಪು ನಿಮಗ ಚುಚ್ಚಾಕತ್ತೈತಿ ಅಂತ ಗೊತ್ತಿತ್ರಿ ಸರ. ನಿಮ್ಮ ಮಾರಿ ಪೇಪರಿನ ಹಿಂದ ಹೋದಾಗಲೇ ಗೊತ್ತಾತು."

"ಮತ್ತ ಬೆಳಿಗ್ಗಿ ನನ್ನ ಹೆಸರು ಯಾಕ ಹೇಳಲಿಲ್ಲ?"

"ಅಳಿಸಿದ ಕೈ ನಂದಲ್ರಿ?" ಎಂದಳು. ನನಗೆ ಕಣ್ಣು ತುಂಬಿ ಬಂತು.

ಬುಧವಾರದಿಂದ ಶನಿವಾರದ ತನಕ ಕಂಪೌಂಡರನಿಗೆ ಬಂದೋಬಸ್ತ್ ನಡೆಯಿತು. ಅಳಿಸಿದ ನಾಲ್ಕು ಸಾಲು ವಾಪಸು ಬಂದವು. ಸರ್ವರಿಗೆ ಸಾವಿರಾರು ಬಾಗಿಲುಗಳಂತೆ. ಒಂದು ಸುದ್ದಿಗೆ, ಒಂದು ತನ್ನ ರಿಪೇರಿಗೆ ಬಿಟ್ಟು ಉಳಿದವನ್ನೆಲ್ಲ ಜಯಶ್ರೀ ಮುಚ್ಚಿದಳು. ದಾರಿಯಲ್ಲಿ ಯಾರೂ ಕದ್ದು ಓದದ ಹಾಗೆ ಮಾತನ್ನು ಮುಚ್ಚಿದ ಲಕೋಟೆಯಲ್ಲಿ ಹೋಗುವಂತೆ ಮಾಡಿದಳು. ಕಂಪನಿಯಿಂದ ಹೊಸ ಗುಪ್ತ ಸಂಖ್ಯೆ ತರಿಸಿ ಹಳೆಯದನ್ನು ರದ್ದು ಮಾಡಿಸಿದಳು. ವೆಂಕೋಬನಿಗೆ ಒಂದು ಚಾವಿ, ತನಗೊಂದು ಚಾವಿ. ಒಂದೇ ಸುದ್ದಿ ಎರಡು ಸಲ ಒತ್ತಿದರೆ ಎರಡನೆಯದು ಹೋಗದು. ಏನೇ ಆಗಲಿ, ದಿನದ ಆರುನೂರಾ ನಲವತ್ತು ಕರೆ ನೀರಿಗೇ ಮೀಸಲು. ಬುಡ್ಡೇಸಾಬ್ ತಪ್ಪಾಯಿತೆಂದು ಹೇಳಲು ಬಂದಾಗ ಅವನಿಗೂ ಒಂದು ಸಣ್ಣ ಚಾವಿ ಕೊಟ್ಟಳು. ದಿನಕ್ಕೊಂದೇ ಸುದ್ದಿ, ಅದೂ ಟಗರು ಎಮ್ಮೆಗಳ ಸುದ್ದಿ ಬೇಕೆಂದು ತಾವಾಗಿ ಹೆಸರು ಬರೆಸಿದವರಿಗೆ ಮಾತ್ರ. ಆ ಪಟ್ಟಿಯಲ್ಲಿ ಈಗ ಇನ್ನೂರು ಜನ ಇದ್ದಾರೆ.

"ನನಗ?" ಎಂದೆ.

"ನಿಮಗ ಯಾಕ್ರಿ ಸರ ಚಾವಿ? ತಿದ್ದಾಕ ಶುರು ಮಾಡ್ತೀರಿ."

ಭಾನುವಾರ ಎಲ್ಲರಿಗೂ ಕರೆ ಕೊಟ್ಟಳು: ಯಾರು ಬೇಕಾದರೂ ಬಂದು ಬಾಗಿಲು ತಳ್ಳಿ ನೋಡಿ. ಆರು ಜನ ತಳ್ಳಿದರು, ಬಾಗಿಲು ಜಗ್ಗಲಿಲ್ಲ. ಸಂಜೆ ದಾಖಲೆ ತೆಗೆದು ನೋಡುವಾಗ ಏಳನೆಯ ಸಾಲೊಂದು ಕಂಡಿತು. ಯಾರೋ ಮಸ್ಕಿಯಿಂದಲೇ ಮಧ್ಯಾಹ್ನ ಎರಡೂ ಹತ್ತಕ್ಕೆ ಬಂದು, ಹಳೆಯ ವಾಕ್ಯದಲ್ಲಿ ಒಂದು ಅಲ್ಪವಿರಾಮ ಸೇರಿಸಲು ಹೋಗಿ, 'ಅನುಮತಿ ಇಲ್ಲ' ಅನ್ನಿಸಿಕೊಂಡಿದ್ದರು. ಜಯಶ್ರೀ ನನ್ನ ಕಡೆ ನೋಡಿದಳು. ನಾನು ಪೇಪರ್ ಹುಡುಕಿದೆ.

ಒಂದು ಕೆಲಸ ಮಾತ್ರ ನನ್ನ ಪಾಲಿಗೇ ಉಳಿದಿತ್ತು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಳಗಾನೂರಿಗೆ ಹೋದೆ. ಯಮನೂರಮ್ಮನ ಕಟ್ಟೆಯ ಮೇಲೆ ಕೂತು, ಕೀಲಿ ಚಾವಿಯ ಕಥೆಯನ್ನೆಲ್ಲ ಹೇಳಿ, ತಪ್ಪು ಜಯಶ್ರೀದಲ್ಲ, ವೆಂಕೋಬನದಂತೂ ಮೊದಲೇ ಅಲ್ಲ, ನನ್ನದು ಎಂದೆ. ಅವಳು ಚಹಾ ಬಸಿಯುತ್ತಾ ಕೇಳಿಸಿಕೊಂಡಳು.

"ಕೀಲಿದು ಬಿಡ್ರಿ ಮಾಸ್ತರ್ರ" ಎಂದಳು. "ಆ 'ಬಿಡಲಾಗಿದೆ' ಅನ್ನೋದು ಯಾರ ಮಾತರಿ? ವೆಂಕೋಬಣ್ಣ ಹಂಗ ಎಂದೂ ಅಂದಾವಲ್ಲ. ನೀರಿಗೆ ಅವ 'ಬಂದಾವ' ಅಂತಾನ. ಅವನ ಮಾತು ಅವನಂಗ ಇದ್ದಿದ್ರ, ಅವತ್ತು ಮಂದಿ ಹೇಳಿದ್ದು ಯಾವುದು, ಅವ ಹೇಳಿದ್ದು ಯಾವುದು ನನಗ ತಿಳೀತಿತ್ತು."

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಗುಂಪಿನ ಹೆಂಗಸರೆಲ್ಲ ಕಟ್ಟೆಯ ಸುತ್ತ ನಿಂತಿದ್ದರು. ಬುತ್ತಿ ಕಟ್ಟಿರಲಿಲ್ಲ, ಟಂಟಂ ಚಾಲೂ ಆಗಿರಲಿಲ್ಲ. ಯಮನೂರಮ್ಮ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದಳು. ಅದೇ ಆಕಾಶವಾಣಿಯ ಹೆಣ್ಣು ದನಿ, ಆದರೆ ಮಾತು ಬೇರೆ:

"ನಾ ವೆಂಕೋಬ ಹೇಳಾಕತ್ತೀನಿ. ನೀರು ಬಂದಾವ. ಎರಡಡಿ ನಾಕಿಂಚು."

ನನಗೆ ಗೊತ್ತಿಲ್ಲದ ಹಾಗೆ ಗಂಡ ಹೆಂಡತಿ ನನ್ನ ವಾಕ್ಯವನ್ನು ತಿದ್ದಿದ್ದರು. ಒಬ್ಬ ಹೆಂಗಸು ವೆಂಕೋಬಣ್ಣ ಯಾವಾಗ ಹೆಣ್ಣಾದ ಎಂದು ಕೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಮನೂರಮ್ಮ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿದಳು.

"ಏಳ್ರೇ, ಬುತ್ತಿ ಕಟ್ರಿ. ಇದು ಅವನ ಮಾತು."

ಟಂಟಂನಲ್ಲಿ ನನಗೂ ತುದಿಯಲ್ಲಿ ಜಾಗ ಸಿಕ್ಕಿತು. ಕಡೆಯ ಗದ್ದೆಗೆ ಹೋದಾಗ ಹೊಲಗಾಲುವೆ ಖಾಲಿ ಇತ್ತು. ಬದುವಿನ ಮೇಲೆ ನಿಂತು ಕಾದೆವು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ತಿರುವಿನಲ್ಲಿ ಒಣ ಹುಲ್ಲು, ಎಲೆ ಎಲ್ಲ ಮುಂದೆ ತಳ್ಳುತ್ತಾ ನೊರೆ ಕಾಣಿಸಿತು. ಹೆಂಗಸರು ಕೇಕೆ ಹಾಕಿ ಬದು ಇಳಿದರು. ನಾನು ಚಪ್ಪಲಿ ಬಿಟ್ಟು, ಧೋತರ ಎತ್ತಿಕಟ್ಟಿ, ಅರವತ್ತಾರನೆಯ ವಯಸ್ಸಿನಲ್ಲಿ ಕೆಸರಿಗೆ ಇಳಿದೆ. ತಣ್ಣನೆಯ ನೀರು ಹಿಮ್ಮಡಿ ದಾಟಿತು.

ಫೋನ್ ತೆಗೆದು ವೆಂಕೋಬನಿಗೆ ಹಚ್ಚಿದೆ. ಮೂವತ್ತೊಂದು ವರ್ಷ ಮಕ್ಕಳ ನೋಟುಪುಸ್ತಕಗಳಲ್ಲಿ ಯಾವ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದೆನೋ, ಅದೇ ಮಾತನ್ನು ಇಡೀ ಗದ್ದೆಗೆ ಕೇಳುವ ಹಾಗೆ ಕೂಗಿ ಹೇಳಿದೆ:

"ವೆಂಕೋಬಾ, ನೀರು ಬಂದಾವೋ!"